ಬೀಜದ ಪೊಟ್ಟಣದ ಪದರುಗಳೂ ಕ್ಷ-ಕಿರಣವೂ

ಉಳ್ಳಾಗಡ್ಡಿಯ ಬೀಜ ಬಹಳ ಅಲ್ಪಾಯುಷಿಯಾದುದು. ಚೆನ್ನಾಗಿ ಒಣಗಿದ ಜೋಳದ ಕಾಳು ಎರಡನೆಯ ವರ್ಷವೂ ಮೊಳೆಯಬಲ್ಲದು. ಉಳ್ಳಾಗಡ್ಡಿಯ ಬೀಜವಾದರೋ ತೆರೆದ ಗಾಳಿಯಲ್ಲಿ ಒಂದು ಮಳೆಗಾಲ ಕಳೆದರೆ ಸೊರಗುತ್ತದೆ. ವರ್ಷ ತುಂಬುವಷ್ಟರಲ್ಲಿ ಬಹುಪಾಲು ಸತ್ತಿರುತ್ತದೆ. ಕಣ್ಣಿಗೆ ಮಾತ್ರ ಮೊದಲಿನಂತೆಯೇ ಕರ್ರಗೆ ಮಿನುಗುತ್ತಿರುತ್ತದೆ. ಒಂದು ಎಕರೆಗೆ ಬೇಕಾಗುವ ಸಸಿ ಬೆಳೆಸಲು 3 ರಿಂದ 4 ಕಿಲೋ ಬೀಜ ಬೇಕು. ಅದು ಮೊಳೆಯದೆ ಹೋದರೆ ಬೀಜದ ಹಣವೊಂದೇ ಹೋಗುವುದಿಲ್ಲ. ಮಡಿಗೆ ಹಾಕಿದ ಗೊಬ್ಬರ ಹೋಯಿತು, ಬಾವಿಯ ನೀರು ಹೋಯಿತು, ಮೂರು ವಾರ ಕಾಲ ಹೋಯಿತು. ಹಣ ಕೊಟ್ಟು ಬೀಜವನ್ನು ಮತ್ತೆ ತರಬಹುದು. ತಪ್ಪಿದ ಹಂಗಾಮನ್ನು ಯಾವ ಅಂಗಡಿಯಿಂದಲೂ ತರಲಾಗದು.

ಆದ್ದರಿಂದ ಬೀಜವನ್ನು ಕಾಯುವ ಪೊಟ್ಟಣದ ವಿಷಯವನ್ನು ಒಕ್ಕಲಿಗನು ತಿಳಿದಿರಬೇಕು. ಪೊಟ್ಟಣದಲ್ಲಿ ಹಲವು ಪದರುಗಳಿರುತ್ತವೆ ಎಂಬುದನ್ನು ಬಹುಜನ ಬಲ್ಲರು. ಆದರೆ ಪೊಟ್ಟಣದ ಬಲ ಪದರುಗಳಲ್ಲಿ ಎಷ್ಟಿದೆಯೋ ಅಷ್ಟೇ ಪದರು ಪದರುಗಳ ನಡುವಿನ ಅಂಟಿನಲ್ಲಿಯೂ ಇದೆ. ಈ ಅಂಟು ಹೊರಗಿನಿಂದ ಕಾಣುವುದಿಲ್ಲ. ಬಿಚ್ಚಿ ನೋಡಿದರೆ ಕೆಟ್ಟುಹೋಗುತ್ತದೆ. ಬಿಚ್ಚದೆ ನೋಡುವ ಉಪಾಯವನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದು ಆಸ್ಪತ್ರೆಯಲ್ಲಿ ಮುರಿದ ಎಲುಬನ್ನು ತೋರಿಸುವ ಕ್ಷ-ಕಿರಣವೇ, ಎಂದರೆ ಎಕ್ಸ್-ರೇ. ಈ ವಾರದ ಪಾಠ ಅದನ್ನು ಕುರಿತದ್ದು.

ತೇವದ ಲೆಕ್ಕ

ಮೊದಲು ಪೊಟ್ಟಣವು ಏನನ್ನು ತಡೆಯಬೇಕು ಎಂಬುದನ್ನು ನೋಡೋಣ. ಬೀಜದ ಮುಖ್ಯ ವೈರಿ ತೇವ. ನಮ್ಮ ದೇಶದ ಬೀಜ ಪ್ರಮಾಣೀಕರಣದ ನಿಯಮದಂತೆ ಉಳ್ಳಾಗಡ್ಡಿಯ ಬೀಜವನ್ನು ಸಾಧಾರಣ ಚೀಲದಲ್ಲಿ ತುಂಬುವುದಾದರೆ ಅದರಲ್ಲಿ ತೇವವು ನೂರಕ್ಕೆ 8 ಕ್ಕಿಂತ ಹೆಚ್ಚು ಇರಕೂಡದು. ತೇವ ತೂರದ ಪೊಟ್ಟಣದಲ್ಲಿ ತುಂಬುವುದಾದರೆ ನೂರಕ್ಕೆ 6 ಕ್ಕಿಂತ ಹೆಚ್ಚು ಇರಕೂಡದು. ಜೋಳಕ್ಕೆ ಇವೇ ಅಂಕಿಗಳು 12 ಮತ್ತು 8. ಬಿಗಿಯಾದ ಪೊಟ್ಟಣಕ್ಕೆ ಹೆಚ್ಚು ಒಣಗಿದ ಬೀಜ ಏಕೆಂದರೆ, ಹಸಿ ಬೀಜವನ್ನು ಬಿಗಿಯಾಗಿ ಕಟ್ಟಿದರೆ ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಬೀಜ ಬೆವರಿ ಸಾಯುತ್ತದೆ.

ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ಎಂಬ ವಿಜ್ಞಾನಿಯ ಹೆಸರಿನ ಒಂದು ಸ್ಥೂಲ ಲೆಕ್ಕವಿದೆ. ಬೀಜದ ತೇವವು ನೂರಕ್ಕೆ 5 ರಿಂದ 14 ರ ಒಳಗಿರುವಾಗ, ಅದು ನೂರಕ್ಕೆ 1 ರಷ್ಟು ಏರಿದರೆ ಬೀಜದ ಬಾಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೂರಕ್ಕೆ 6 ತೇವದಲ್ಲಿ ಹನ್ನೆರಡು ತಿಂಗಳು ಬಾಳುವ ಬೀಜವಿದೆ ಎನ್ನಿರಿ. ತೇವ 7 ಕ್ಕೆ ಏರಿದರೆ ಆರು ತಿಂಗಳು; 8 ಕ್ಕೆ ಏರಿದರೆ ಮೂರೇ ತಿಂಗಳು. ತೇವದಲ್ಲಿ ಎರಡು ಅಂಕಿಯ ವ್ಯತ್ಯಾಸ. ಆಯುಷ್ಯದಲ್ಲಿ ನಾಲ್ಕರಲ್ಲಿ ಮೂರು ಪಾಲು ನಷ್ಟ. ಕೈಯಲ್ಲಿ ಹಿಡಿದು ನೋಡಿದರೆ ಈ ಎರಡು ಅಂಕಿ ಯಾರಿಗೂ ತಿಳಿಯವು.

ಪೊಟ್ಟಣದ ಪದರುಗಳು

ತೇವ ತೂರದ ಬೀಜದ ಪೊಟ್ಟಣದಲ್ಲಿ ಸಾಮಾನ್ಯವಾಗಿ ಮೂರು ಮುಖ್ಯ ಪದರುಗಳಿರುತ್ತವೆ. ಹೊರಗಿನದು ಗಟ್ಟಿಯಾದ ಪಾಲಿಯೆಸ್ಟರ್ ಹಾಳೆ. ಅಕ್ಷರ, ಚಿತ್ರಗಳನ್ನು ಅದರ ಮೇಲೆ ಅಚ್ಚು ಹಾಕುತ್ತಾರೆ. ನಡುವಿನದು ಅಲ್ಯೂಮಿನಿಯಂ ಬೇಗಡೆ. ತೇವವನ್ನೂ ಬೆಳಕನ್ನೂ ತಡೆಯುವುದು ಇದೇ. ಒಳಗಿನದು ಪಾಲಿಥೀನ್, ಕಾಯಿಸಿ ಒತ್ತಿದರೆ ಕರಗಿ ಬಾಯಿ ಮುಚ್ಚುವುದು ಇದರ ಕೆಲಸ.

ತಿಂಗಳುಗಟ್ಟಲೆ ಕೆಡದೆ ಉಳಿಯುವ ಹಾಲಿನ ಪೆಟ್ಟಿಗೆ ಈಗ ಪೇಟೆಯ ಅಂಗಡಿಗಳಲ್ಲಿ ದೊರೆಯುತ್ತದೆ. ಅದು ಇದಕ್ಕಿಂತ ದೊಡ್ಡ ಕುಟುಂಬ. ಹೊರಗಿನಿಂದ ಎಣಿಸಿದರೆ ಪಾಲಿಥೀನ್, ದಪ್ಪ ಕಾಗದ, ಮತ್ತೆ ಪಾಲಿಥೀನ್, ಬೇಗಡೆ, ಅಂಟಿಸುವ ಪಾಲಿಥೀನ್, ಕೊನೆಗೆ ಹಾಲಿಗೆ ತಗಲುವ ಪಾಲಿಥೀನ್: ಹೀಗೆ ಆರು ಪದರು. ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ಕಾಗದ. ಬೇಗಡೆ ನೂರಕ್ಕೆ ಸುಮಾರು 5 ಮಾತ್ರ. ಅದರ ದಪ್ಪವೋ 6 ರಿಂದ 9 ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಎಂದರೆ ಒಂದು ಕೂದಲಿನ ದಪ್ಪದಲ್ಲಿ ಹತ್ತು ಬೇಗಡೆಗಳನ್ನು ಒಂದರ ಮೇಲೊಂದು ಇಡಬಹುದು. ಇಷ್ಟು ತೆಳ್ಳನೆಯ ಲೋಹವೇ ಹಾಲಿಗೂ ಬೀಜಕ್ಕೂ ಕೋಟೆ.

ಕೌದಿಯ ಹೋಲಿಕೆ

ಬೇಗಡೆಯೇ ತೇವವನ್ನು ತಡೆಯುವುದಾದರೆ ಅದಕ್ಕೆ ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಅಂಟಿಸುವ ಗೊಡವೆ ಏಕೆ? ಬರಿದೇ ಒತ್ತಟ್ಟಿಗೆ ಇಟ್ಟರೆ ಸಾಲದೇ?

ನಮ್ಮ ತಾಯಂದಿರು ಹೊಲಿಯುವ ಕೌದಿಯನ್ನು ನೋಡಿರಿ. ಅದರಲ್ಲಿ ಇರುವುದು ಹಳೆಯ ಸೀರೆ, ಹಳೆಯ ಧೋತರ. ಆ ಧೋತರವನ್ನು ಒಂಟಿಯಾಗಿ ಹಿಡಿದು ಜಗ್ಗಿದರೆ ಪರ್ರನೆ ಹರಿಯುತ್ತದೆ. ಅದನ್ನೇ ಬೇರೆ ಪದರುಗಳ ಜೊತೆ ಒತ್ತೊತ್ತಾಗಿ ಹೊಲಿದಾಗ ವರ್ಷಗಟ್ಟಲೆ ತಾಳುತ್ತದೆ. ಜಗ್ಗಿದ ಬಲ ಒಂದೇ ಕಡೆ ಬೀಳದೆ ಎಲ್ಲ ಪದರಿಗೂ ಹಂಚಿಹೋಗುವುದೇ ಇದಕ್ಕೆ ಕಾರಣ. ಎಲ್ಲಿ ಹೊಲಿಗೆ ಬಿಚ್ಚಿತೋ ಅಲ್ಲಿ ಬಟ್ಟೆ ಉಬ್ಬುತ್ತದೆ. ಮುಂದೆ ಹರಿಯುವುದೂ ಅಲ್ಲಿಯೇ.

ಬೇಗಡೆಯ ಕಥೆಯೂ ಇದೇ. ಒಂಟಿ ಬೇಗಡೆಯನ್ನು ಎಳೆದರೆ ಸ್ವಲ್ಪವೇ ಹಿಗ್ಗಿ ಒಂದು ಕಡೆ ತೆಳ್ಳಗಾಗಿ ಅಲ್ಲಿಯೇ ಹರಿಯುತ್ತದೆ. ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಒಂದೇ ಕಡೆ ತೆಳ್ಳಗಾಗಲು ಪ್ಲಾಸ್ಟಿಕ್ಕು ಬಿಡುವುದಿಲ್ಲ. ಆಗ ಅದೇ ಬೇಗಡೆ ಹೆಚ್ಚು ಹಿಗ್ಗಿಯೂ ಹರಿಯದೆ ಉಳಿಯುತ್ತದೆ. ಪೊಟ್ಟಣವನ್ನು ಮಡಿಸಿದಾಗ ಮಡಿಕೆಯ ಹೊರಮೈ ಹಿಗ್ಗುತ್ತದೆ. ಅಂಟು ಸರಿಯಿದ್ದರೆ ಬೇಗಡೆ ಅದನ್ನು ತಾಳುತ್ತದೆ. ಅಂಟು ಬಿಟ್ಟಿದ್ದರೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಮೇಲಿನ ಪಾಲಿಯೆಸ್ಟರ್ ಹಾಳೆ ಮಾತ್ರ ಹರಿಯದೆ ಚಂದವಾಗಿಯೇ ಇರುತ್ತದೆ. ಹೊರಗೆ ಥಳಕು, ಒಳಗೆ ಹುಳಕು ಎಂಬ ಗಾದೆಗೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಡ.

ಅಂಟು ಹೇಗೆ ಹುಟ್ಟುತ್ತದೆ?

ಮಣ್ಣಿನ ಗೋಡೆಗೆ ಗಿಲಾವು ಮಾಡುವವರು ಮೊದಲು ಗೋಡೆಯನ್ನು ಕೆತ್ತಿ ಒರಟು ಮಾಡುತ್ತಾರೆ, ಧೂಳನ್ನು ಝಾಡಿಸುತ್ತಾರೆ, ನೀರು ಚಿಮುಕಿಸುತ್ತಾರೆ. ಆ ಮೇಲೆ ಹಸಿ ಗಾರೆಯನ್ನು ಬೀಸಿ ಒತ್ತುತ್ತಾರೆ. ಈ ಒಂದೊಂದು ಕೆಲಸಕ್ಕೂ ಪೊಟ್ಟಣದ ಕಾರ್ಖಾನೆಯಲ್ಲಿ ಜೋಡಿಯುಂಟು.

ಹಾಲಿನ ಪೆಟ್ಟಿಗೆಯ ಹಾಳೆಯನ್ನು ಮಾಡುವಾಗ ಪಾಲಿಥೀನನ್ನು ಸುಮಾರು 300 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, ತೆಳ್ಳನೆಯ ಪರದೆಯಂತೆ ಸುರಿಸಿ, ಓಡುತ್ತಿರುವ ಕಾಗದದ ಮೇಲೆ ಬೀಳಿಸಿ, ಕೂಡಲೇ ಎರಡು ಉರುಳೆಗಳ ನಡುವೆ ಒತ್ತುತ್ತಾರೆ. ಕಾಗದವೆಂದರೆ ಮರದ ನಾರುಗಳ ಹೆಣಿಗೆ. ಕರಗಿದ ಪ್ಲಾಸ್ಟಿಕ್ಕು ನಾರುಗಳ ಸಂದಿಗಳಲ್ಲಿ ಇಳಿದು ತಣಿದು, ಗಿಡದ ಬೇರು ಮಣ್ಣನ್ನು ಹಿಡಿದಂತೆ ಕಾಗದವನ್ನು ಹಿಡಿದುಕೊಳ್ಳುತ್ತದೆ. ಇದು ಮೊದಲನೆಯ ಬಗೆ.

ಬೇಗಡೆಗೆ ನಾರಿಲ್ಲ, ಸಂದಿಯಿಲ್ಲ, ಮೈ ನುಣುಪು. ಅಲ್ಲಿ ರಸಾಯನಶಾಸ್ತ್ರದ ನೆರವು ಬೇಕು. ಅಲ್ಯೂಮಿನಿಯಮ್ಮಿನ ಮೈಮೇಲೆ ಯಾವಾಗಲೂ ಅದರ ಆಕ್ಸೈಡಿನ ಒಂದು ತೆಳು ಪೊರೆ ಇರುತ್ತದೆ. ಆಮ್ಲಗುಣದ ಅಂಶವನ್ನು ಸೇರಿಸಿದ ವಿಶೇಷ ಪಾಲಿಥೀನು ಆ ಪೊರೆಯೊಡನೆ ಬಿಗಿಯಾದ ನಂಟು ಬೆಳೆಸುತ್ತದೆ. ಹಾಲಿನ ಪೆಟ್ಟಿಗೆಯ ಐದನೆಯ ಪದರು ಇರುವುದು ಇದಕ್ಕಾಗಿ. ಇದು ಎರಡನೆಯ ಬಗೆ. ಬೀಜದ ಪೊಟ್ಟಣಗಳಲ್ಲಿ ಪದರುಗಳ ನಡುವೆ ಬೇರೆ ಅಂಟನ್ನೇ ಲೇಪಿಸಿ ಜೋಡಿಸುವುದುಂಟು. ಅದು ಮೂರನೆಯ ಬಗೆ. ಎಲ್ಲ ಬಗೆಗಳಲ್ಲಿಯೂ ನಿಯಮ ಒಂದೇ: ಮೈ ಶುದ್ಧವಾಗಿರಬೇಕು, ಕಾವು ಸಾಕಷ್ಟಿರಬೇಕು, ನಡುವೆ ಗಾಳಿ ಸಿಕ್ಕಿಕೊಳ್ಳಬಾರದು.

ಸುಲಿದು ಅಳೆಯುವುದು

ಅಂಟಿನ ಬಲವನ್ನು ಅಳೆಯುವ ಹಳೆಯ ರೀತಿ ಸುಲಿಯುವುದು. 15 ಮಿಲಿಮೀಟರ್ ಅಗಲದ ಪಟ್ಟಿಯನ್ನು ಕತ್ತರಿಸಿ, ಒಂದು ತುದಿಯಲ್ಲಿ ಪದರುಗಳನ್ನು ಬಿಡಿಸಿ, ಯಂತ್ರದ ಎರಡು ಹಲ್ಲುಗಳಿಗೆ ಕಚ್ಚಿಸಿ ನಿಧಾನವಾಗಿ ಎಳೆಯುತ್ತಾರೆ. ಬೇಕಾದ ಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಬರೆದುಕೊಳ್ಳುತ್ತಾರೆ. ಒಂದು ನ್ಯೂಟನ್ ಎಂದರೆ ಸುಮಾರು 100 ಗ್ರಾಂ ತೂಕವನ್ನು ಎತ್ತಿ ಹಿಡಿಯುವ ಬಲ.

ಸುಲಿದ ಮೇಲೆ ಎರಡೂ ಮೈಗಳನ್ನು ನೋಡಬೇಕು. ಪ್ಲಾಸ್ಟಿಕ್ಕಿಗೆ ಕಾಗದದ ನಾರು ಅಂಟಿಕೊಂಡು ಬಂದಿದ್ದರೆ ಅಂಟು ಕಾಗದಕ್ಕಿಂತ ಗಟ್ಟಿಯೆಂದು ಅರ್ಥ. ಕಾಗದವೇ ಸೀಳಿದೆ, ಅಂಟು ಸೋಲಲಿಲ್ಲ. ಪ್ಲಾಸ್ಟಿಕ್ಕು ನುಣ್ಣಗೆ ಬಿಟ್ಟುಬಂದಿದ್ದರೆ ಸೋತದ್ದು ಅಂಟು.

ಈ ಪರೀಕ್ಷೆ ಒಳ್ಳೆಯದೇ, ಆದರೆ ಸಾಲದು. ಯಂತ್ರವು ಒಂದು ಅಂಕಿಯನ್ನು ಕೊಡುತ್ತದೆ. ಬಿಡುವಿಕೆ ಎಲ್ಲಿಂದ ಮೊದಲಾಯಿತು, ಅಲ್ಲಿ ಮೊದಲೇ ಗಾಳಿಯ ಗುಳ್ಳೆ ಇತ್ತೇ, ಪ್ಲಾಸ್ಟಿಕ್ಕು ನಾರಿನೊಳಗೆ ಎಷ್ಟು ಆಳ ಇಳಿದಿತ್ತು ಎಂಬ ಪ್ರಶ್ನೆಗಳಿಗೆ ಆ ಅಂಕಿಯಲ್ಲಿ ಉತ್ತರವಿಲ್ಲ. ಅಲ್ಲದೆ ಎಳೆದ ಬಲದಲ್ಲಿ ಒಂದು ಭಾಗ ಅಂಟನ್ನು ಬಿಡಿಸಲು ಅಲ್ಲ, ಪಟ್ಟಿಯನ್ನು ಬಗ್ಗಿಸಲು ಖರ್ಚಾಗಿರುತ್ತದೆ. ಚೂರಿಯಿಂದ ಅಡ್ಡ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡೋಣವೆಂದರೆ, ಕೊಯ್ಯುವಾಗಲೇ ಮೆತ್ತನೆಯ ಪದರುಗಳು ಜರುಗುತ್ತವೆ. ಕಂಡ ಬಿರುಕು ಪೊಟ್ಟಣದ್ದೋ ಚೂರಿಯದೋ ತಿಳಿಯದು.

ಕ್ಷ-ಕಿರಣದ ಕಣ್ಣು

1895ನೆಯ ಇಸವಿಯ ನವೆಂಬರ್ 8 ರಂದು ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ವಿಲ್ಹೆಲ್ಮ್ ರಂಟ್ಗೆನ್ ಎಂಬ ಪ್ರಾಧ್ಯಾಪಕನು ಈ ಕಿರಣವನ್ನು ಕಂಡುಹಿಡಿದನು. ಅದರ ಸ್ವರೂಪ ಗೊತ್ತಿಲ್ಲದ್ದರಿಂದ ಬೀಜಗಣಿತದ ಅಜ್ಞಾತ ಸಂಖ್ಯೆಯ ಅಕ್ಷರವನ್ನೇ ಅದಕ್ಕೆ ಹೆಸರಾಗಿ ಇಟ್ಟನು. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಅವನಿಗೆ ದೊರೆಯಿತು.

ಈ ಕಿರಣವು ಹಗುರ ಪರಮಾಣುಗಳನ್ನು ಸುಲಭವಾಗಿ ಹಾಯುತ್ತದೆ. ಭಾರ ಪರಮಾಣುಗಳಲ್ಲಿ ಹೆಚ್ಚು ಹೀರಿಹೋಗುತ್ತದೆ. ಮಾಂಸ ಮಸುಕಾಗಿಯೂ ಸುಣ್ಣದಂಶವುಳ್ಳ ಎಲುಬು ಎದ್ದು ಕಾಣುವಂತೆಯೂ ಇರುವುದು ಇದರಿಂದಲೇ. ಪೊಟ್ಟಣದಲ್ಲಿ ಬೇಗಡೆಯೇ ಎಲುಬು. ಕಾಗದ, ಪ್ಲಾಸ್ಟಿಕ್ಕುಗಳು ಮಾಂಸ.

ಆದರೆ ಒಂದು ಕಡೆಯಿಂದ ತೆಗೆದ ಚಿತ್ರದಲ್ಲಿ ಎಲ್ಲ ಪದರುಗಳ ನೆರಳೂ ಒಂದರ ಮೇಲೊಂದು ಬೀಳುತ್ತದೆ. ಅದಕ್ಕಾಗಿ ಕೆಲವೇ ಮಿಲಿಮೀಟರ್ ಅಗಲದ ತುಣುಕನ್ನು ಸಣ್ಣ ಪೀಠದ ಮೇಲೆ ನಿಲ್ಲಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ನೂರಾರು, ಕೆಲವು ವೇಳೆ ಸಾವಿರಾರು ಚಿತ್ರಗಳನ್ನು ತೆಗೆಯುತ್ತಾರೆ. ಗುಡಿಯ ಸುತ್ತ ಪ್ರದಕ್ಷಿಣೆ ಹಾಕಿ ಎಲ್ಲ ಮೈಗಳನ್ನೂ ನೋಡಿದಂತೆ ಇದು. ಆ ಚಿತ್ರಗಳನ್ನೆಲ್ಲ ಗಣಕಯಂತ್ರವು ಕೂಡಿಸಿ ವಸ್ತುವಿನ ಒಳಗನ್ನು ಹೋಳು ಹೋಳಾಗಿ ತೋರಿಸುತ್ತದೆ. ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಎನ್ನುವುದು ಇದನ್ನೇ. 1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡನ ಯಂತ್ರದಿಂದ ಮೊದಲ ರೋಗಿಯ ತಲೆಯ ಚಿತ್ರ ತೆಗೆದರು; 1979ರಲ್ಲಿ ಅವನಿಗೂ ಆಲನ್ ಕಾರ್ಮ್ಯಾಕನಿಗೂ ನೊಬೆಲ್ ಬಹುಮಾನ ಬಂದಿತು. ಪೊಟ್ಟಣದ ತುಣುಕಿಗೆ ಬಳಸುವ ಯಂತ್ರ ಇದರ ತಮ್ಮನೇ. ಆದರೆ ಕಣ್ಣು ಬಹು ಚುರುಕು, ಒಂದು ಮೈಕ್ರಾನಿನಷ್ಟು ಸಣ್ಣದನ್ನೂ ಬೇರೆ ಮಾಡಿ ತೋರಿಸಬಲ್ಲದು.

ಇಲ್ಲಿ ಒಂದು ತೊಡಕಿದೆ. ಕಾಗದ ಮತ್ತು ಪಾಲಿಥೀನ್ ಎರಡೂ ಹಗುರ ವಸ್ತುಗಳಾದ್ದರಿಂದ ಅವುಗಳ ನೆರಳು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಇದಕ್ಕೆ ಬೇರೊಂದು ಯುಕ್ತಿ ಹೂಡುತ್ತಾರೆ. ನೀರು ತುಂಬಿದ ಗಾಜಿನ ಲೋಟವನ್ನು ನೋಡಿರಿ. ಗಾಜೂ ಪಾರದರ್ಶಕ, ನೀರೂ ಪಾರದರ್ಶಕ. ಆದರೂ ಲೋಟದ ಅಂಚು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬೆಳಕು ಬಾಗುತ್ತದೆ. ಕ್ಷ-ಕಿರಣವೂ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹಾಯುವ ಅಂಚಿನಲ್ಲಿ ಎಳ್ಳಷ್ಟು ಬಾಗುತ್ತದೆ. ಚಿತ್ರ ಹಿಡಿಯುವ ಫಲಕವನ್ನು ತುಣುಕಿನಿಂದ ತುಸು ದೂರ ಸರಿಸಿದರೆ ಈ ಬಾಗುವಿಕೆಯಿಂದ ಅಂಚುಗಳು ಗೆರೆ ಎಳೆದಂತೆ ಮೂಡುತ್ತವೆ. ನಾರು ಎಲ್ಲಿ, ಪ್ಲಾಸ್ಟಿಕ್ಕು ಎಲ್ಲಿ, ನಡುವಿನ ಗಾಳಿ ಎಲ್ಲಿ ಎಂಬುದು ಆಗ ತಿಳಿಯುತ್ತದೆ.

ಮುಟ್ಟಿರುವುದು ಬೇರೆ, ಅಂಟಿರುವುದು ಬೇರೆ

ಇಂಥ ಚಿತ್ರದಲ್ಲಿ ಮೂರು ಸಂಗತಿಗಳನ್ನು ಮುಖ್ಯವಾಗಿ ಹುಡುಕುತ್ತಾರೆ. ಒಂದು, ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು: ಎಷ್ಟು, ಎಲ್ಲೆಲ್ಲಿ. ಎರಡು, ಪ್ಲಾಸ್ಟಿಕ್ಕು ಕಾಗದದೊಳಗೆ ಇಳಿದ ಆಳ. ಮೂರು, ಮಡಿಕೆಯಲ್ಲಿಯೂ ಬಾಯಿ ಬೆಸೆದ ಕಡೆಯಲ್ಲಿಯೂ ಬೇಗಡೆ ಬಾಗಿದ ರೀತಿ ಮತ್ತು ಅಲ್ಲಿಯ ಬಿರುಕು.

ಆದರೆ ಕ್ಷ-ಕಿರಣಕ್ಕೂ ಒಂದು ಮಿತಿಯುಂಟು. ಎರಡು ಪದರುಗಳು ಗಾಳಿಯಿಲ್ಲದಂತೆ ಒಂದಕ್ಕೊಂದು ತಾಗಿಕೊಂಡಿದ್ದು ಅಂಟಿರದೆ ಇದ್ದರೆ, ಚಿತ್ರದಲ್ಲಿ ಅವು ಅಂಟಿದ ಪದರುಗಳಂತೆಯೇ ಕಾಣುತ್ತವೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಹೊರಗಿನವರಿಗೆ ಗೊತ್ತಾಗುವುದು ಪಾಲು ಕೇಳುವ ದಿನವೇ. ಆದ್ದರಿಂದ ವಿಜ್ಞಾನಿಗಳು ನೋಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ನಡೆಸುತ್ತಾರೆ. ಕಿರಣದ ದಾರಿಯಲ್ಲಿಯೇ ಒಂದು ಪುಟ್ಟ ಎಳೆಯುವ ಯಂತ್ರವನ್ನು ಕೂಡಿಸಿ, ತುಣುಕನ್ನು ಸ್ವಲ್ಪ ಎಳೆದು ನಿಲ್ಲಿಸಿ, ಸುತ್ತಿಸಿ ಚಿತ್ರ ತೆಗೆದು, ಮತ್ತೆ ಸ್ವಲ್ಪ ಎಳೆಯುತ್ತಾರೆ. ಅಂಟದೆ ತಾಗಿಕೊಂಡಿದ್ದ ಕಡೆ ಮೊದಲ ಎಳೆತಕ್ಕೇ ಬಾಯಿ ಬಿಡುತ್ತದೆ. ಚೆನ್ನಾಗಿ ಅಂಟಿದ ಕಡೆ ಪ್ಲಾಸ್ಟಿಕ್ಕು ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಹಿಗ್ಗಿ ಆಮೇಲೆ ಬಿಡುವುದೂ ಉಂಟು. ಸುಲಿಯುವ ಯಂತ್ರ ಕೊಡುತ್ತಿದ್ದ ಒಣ ಅಂಕಿಗೆ ಹೀಗೆ ಅರ್ಥ ಬಂದಿತು.

ಇನ್ನೊಂದು ಎಚ್ಚರಿಕೆಯೂ ಬೇಕು. ಪ್ರಬಲವಾದ ಕಿರಣವನ್ನು ಬಹಳ ಹೊತ್ತು ಹಾಯಿಸಿದರೆ ಪ್ಲಾಸ್ಟಿಕ್ಕೂ ಕಾಗದದ ನಾರೂ ಪೆಡಸಾಗುತ್ತವೆ. ಆಗ ಕಂಡ ಬಿರುಕು ಕಿರಣದ ಪ್ರಸಾದವೇ ಆಗಬಹುದು. ಆದುದರಿಂದ ಬೇಗ ನೋಡಬೇಕು, ಕಡಿಮೆ ಕಿರಣದಲ್ಲಿ ನೋಡಬೇಕು.

ಈ ಕೆಲಸದ ಸ್ಥಾನಗಳು

ಬೇಗ ನೋಡಲು ಬಹು ತೀಕ್ಷ್ಣವಾದ ಕಿರಣ ಬೇಕು. ಅದನ್ನು ಕೊಡುವ ಮಹಾಯಂತ್ರಕ್ಕೆ ಸಿಂಕ್ರೊಟ್ರಾನ್ ಎಂದು ಹೆಸರು. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಒಯ್ದು ದೊಡ್ಡ ಉಂಗುರದಲ್ಲಿ ಸುತ್ತಿಸಿದಾಗ, ಅವು ತಿರುಗುವ ಕಡೆ ಕ್ಷ-ಕಿರಣವನ್ನು ಚಿಮ್ಮುತ್ತವೆ. ಸ್ವೀಡನ್ ದೇಶದ ಲುಂಡ್ ಎಂಬ ಊರಿನಲ್ಲಿ 2016ರ ಜೂನ್ 21 ರಂದು ಮ್ಯಾಕ್ಸ್ ಫೋರ್ ಎಂಬ ಇಂಥ ಕೇಂದ್ರದ ಉದ್ಘಾಟನೆಯಾಯಿತು. ಅದರ ದೊಡ್ಡ ಉಂಗುರದ ಸುತ್ತಳತೆ 528 ಮೀಟರು. ಅಲ್ಲಿ ಮರದ ನಾರು, ಕಾಗದಗಳ ಅಭ್ಯಾಸಕ್ಕೆಂದೇ ಫಾರ್‌ಮ್ಯಾಕ್ಸ್ ಎಂಬ ಕಿರಣಶಾಲೆಯಿದೆ. ಹಾಲಿನ ಪೆಟ್ಟಿಗೆಗಳನ್ನು ಮಾಡುವ ಟೆಟ್ರಾ ಪ್ಯಾಕ್ ಕಂಪನಿಯನ್ನು ರೂಬೆನ್ ರೌಸಿಂಗ್ ಎಂಬವನು 1951ರಲ್ಲಿ ಸ್ಥಾಪಿಸಿದ್ದೂ ಇದೇ ಲುಂಡಿನಲ್ಲಿ. ಕಾಗದ ಕಾರ್ಖಾನೆ, ಪೆಟ್ಟಿಗೆಯ ಕಾರ್ಖಾನೆ, ವಿಶ್ವವಿದ್ಯಾಲಯಗಳು ಅಲ್ಲಿ ಒಂದೇ ಕಿರಣದ ಮುಂದೆ ಕೂಡುತ್ತವೆ.

ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಇಂದೂರಿನಲ್ಲಿ ಇಂಡಸ್-2 ಎಂಬ ಸಿಂಕ್ರೊಟ್ರಾನ್ ಇದೆ. ಅದರ ಸುತ್ತಳತೆ ಸುಮಾರು 172 ಮೀಟರು. ವಸ್ತುಗಳ ಒಳಚಿತ್ರ ತೆಗೆಯುವ ಕಿರಣಶಾಲೆಯೂ ಅಲ್ಲಿದೆ. ಆ ಸಂಸ್ಥೆಗೆ 2005ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣನವರ ಹೆಸರನ್ನು ಇಟ್ಟಿದ್ದಾರೆಂಬುದು ಕನ್ನಡಿಗರು ನೆನೆಯಬೇಕಾದ ಮಾತು. ಇನ್ನು ಆಹಾರದ ಪೊಟ್ಟಣಗಳ ವಿಚಾರವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅಭ್ಯಾಸ ಮಾಡುತ್ತದೆ. ಅದು 1950ರ ಅಕ್ಟೋಬರದಲ್ಲಿ ಚೆಲುವಾಂಬಾ ವಿಲಾಸದ ಅರಮನೆಯಲ್ಲಿ ಆರಂಭವಾಯಿತು.

ಅಂಟು ಗಟ್ಟಿಯಾದಷ್ಟೂ ಒಳ್ಳೆಯದೆಂದು ಮಾತ್ರ ತಿಳಿಯಬಾರದು. ಬಿಗಿಯಾಗಿ ಅಂಟಿದ ಪದರುಗಳನ್ನು ಬಳಸಿದ ಮೇಲೆ ಬಿಡಿಸುವುದು ಕಷ್ಟ. ಹಾಲಿನ ಪೆಟ್ಟಿಗೆಯ ಕಾಗದವನ್ನು ನೀರಿನಲ್ಲಿ ಕದಡಿ ತೆಗೆಯಬಹುದು. ಪಾಲಿಥೀನು ಮತ್ತು ಬೇಗಡೆ ಒಂದಕ್ಕೊಂದು ಹತ್ತಿಕೊಂಡೇ ಉಳಿಯುತ್ತವೆ. ಅವನ್ನು ಕಾಯಿಸಿ ಒತ್ತಿ ಹಲಗೆಗಳನ್ನು ಮಾಡುವುದುಂಟು. ಬಳಸುವಾಗ ಬಿಡದ, ಬಳಸಿದ ಮೇಲೆ ಬಿಡಿಸಬಹುದಾದ ಅಂಟು ಬೇಕಾಗಿದೆ. ಪದರುಗಳ ನಡುವೆ ನಡೆಯುವುದನ್ನು ಕಣ್ಣಾರೆ ಕಾಣದೆ ಅಂಥದನ್ನು ಮಾಡಲಾಗದು.

ಮನೆಯಲ್ಲಿ ಮಾಡುವ ಪ್ರಯೋಗ

ಬರಿದಾದ ಹಾಲಿನ ಪೆಟ್ಟಿಗೆಯೊಂದನ್ನು ತೊಳೆದು, ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿರಿ. ಒಂದು ಪಟ್ಟಿಯನ್ನು ಒಣಗಿದ್ದಾಗಲೇ ಮೂಲೆಯಿಂದ ಸುಲಿದು ನೋಡಿರಿ. ಕಾಗದವು ಸೀಳಿ, ಬಿಳಿಯ ನಾರು ಎರಡೂ ಕಡೆ ಉಳಿಯುತ್ತದೆ. ಅಂಟು ಕಾಗದವನ್ನು ಸೋಲಿಸಿದ್ದು ಇದೇ.

ಇನ್ನೆರಡು ಪಟ್ಟಿಗಳಲ್ಲಿ ಒಂದನ್ನು ಒಂದೇ ಗೆರೆಯಲ್ಲಿ ಇಪ್ಪತ್ತು ಸಲ ಆಚೆ ಈಚೆ ಮಡಿಸಿ ಉಗುರಿನಿಂದ ಒತ್ತಿರಿ. ಎರಡನ್ನೂ ರಾತ್ರಿಯಿಡೀ ನೀರಿನಲ್ಲಿ ನೆನೆಯಿಡಿರಿ. ಬೆಳಿಗ್ಗೆ ಹೊರಗಿನ ತೆಳು ಪ್ಲಾಸ್ಟಿಕ್ಕನ್ನೂ ನೆನೆದ ಕಾಗದವನ್ನೂ ಸುಲಿದು, ಉಳಿದ ನಾರನ್ನು ಹೆಬ್ಬೆರಳಿನಿಂದ ತಿಕ್ಕಿ ತೆಗೆಯಿರಿ. ಹೊಳೆಯುವ ಬೇಗಡೆಯುಳ್ಳ ಹಾಳೆ ಉಳಿಯುತ್ತದೆ. ಕತ್ತಲೆಯ ಕೋಣೆಯಲ್ಲಿ ಅದರ ಹಿಂದೆ ಬ್ಯಾಟರಿ ಹಿಡಿಯಿರಿ. ಮಡಿಸದ ಪಟ್ಟಿ ಬೆಳಕನ್ನು ತಡೆಯುತ್ತದೆ. ಮಡಿಸಿದ ಪಟ್ಟಿಯಲ್ಲಿ ಗೆರೆಯುದ್ದಕ್ಕೂ ಚಿಕ್ಕೆಗಳಂತೆ ಬೆಳಕು ತೂರುವುದನ್ನು ಕಾಣಬಹುದು. ಬೆಳಕು ತೂರಿದ ಕಡೆ ಬೇಗಡೆ ಹರಿದಿದೆ. ಅಲ್ಲಿ ತೇವವನ್ನು ತಡೆಯಲು ಉಳಿದದ್ದು ತೆಳು ಪ್ಲಾಸ್ಟಿಕ್ಕು ಮಾತ್ರ.

ಈ ಪ್ರಯೋಗಕ್ಕೆ ಬೀಜದ ಪೊಟ್ಟಣವನ್ನು ಬಳಸಬೇಡಿರಿ. ಅದರಲ್ಲಿ ಬೀಜಕ್ಕೆ ಹಚ್ಚಿದ ವಿಷದ ಪುಡಿ ಉಳಿದಿರುತ್ತದೆ. ಮಕ್ಕಳ ಕೈಗೆ ಅದು ಸಲ್ಲದು.

ಒಕ್ಕಲಿಗನು ಮಾಡಬೇಕಾದುದು

ನಮ್ಮ ಮನೆಗಳಲ್ಲಿ ಕ್ಷ-ಕಿರಣವಿಲ್ಲ. ಆದರೂ ಅದು ಕಲಿಸಿದ ಪಾಠವನ್ನು ನಾವು ಬಳಸಬಹುದು.

1. ಪೊಟ್ಟಣವನ್ನು ಕೊಳ್ಳುವಾಗ ಮಡಿಕೆ ಮತ್ತು ಬೆಸುಗೆಗಳನ್ನು ನೋಡಿರಿ. ಬೆಸೆದ ಅಂಚಿನಲ್ಲಿ ಸುಕ್ಕು, ಗುಳ್ಳೆ, ಪದರು ಬಿಟ್ಟ ಗುರುತು ಇದ್ದರೆ ಬೇರೆ ಪೊಟ್ಟಣ ಕೇಳಿರಿ.

2. ಲೇಬಲ್ಲನ್ನು ಓದಿರಿ, ಇಲ್ಲವೆ ಸಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಇಲ್ಲಿ ಅದು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತದೆ. ಮರಾಠಿಯಲ್ಲಿ ‘ಉಗವಣ ಶಕ್ತಿ’ ಎಂದರೆ ಮೊಳಕೆಯ ಶಕ್ತಿ. ‘ಓಲಾವಾ’ ಎಂದರೆ ತೇವ. ‘ಚಾಚಣೀ’ ಎಂದರೆ ಪರೀಕ್ಷೆ. ಪರೀಕ್ಷೆಯ ತಾರೀಖನ್ನೂ ಅವಧಿ ಮುಗಿಯುವ ತಾರೀಖನ್ನೂ ತಪ್ಪದೆ ನೋಡಿರಿ. ಭಾಷೆ ಬಾರದೆಂದು ನಾಚಿಕೊಂಡು ಸುಮ್ಮನಿದ್ದರೆ ನಷ್ಟ ನಮ್ಮದೇ.

3. ಮನೆಗೆ ತಂದ ಪೊಟ್ಟಣವನ್ನು ಮಡಿಸಿ ಸಂದಿಯಲ್ಲಿ ತುರುಕಬೇಡಿರಿ. ಮೊಳೆಗೆ ಚುಚ್ಚಿ ತೂಗುಹಾಕಬೇಡಿರಿ. ಗೊಬ್ಬರದ ಚೀಲದ ಕೆಳಗೆ ಇಡಬೇಡಿರಿ. ತಗಡಿನ ಮಾಡಿನ ಕೆಳಗಿನ ಕಾವು ಬೀಜವನ್ನೂ ಕೆಡಿಸುತ್ತದೆ, ಅಂಟನ್ನೂ ಮೆತ್ತಗೆ ಮಾಡುತ್ತದೆ. ತಂಪಾದ ಒಣ ಸ್ಥಳದಲ್ಲಿ ಚಪ್ಪಟೆಯಾಗಿ ಇಡಿರಿ.

4. ಒಮ್ಮೆ ಬಾಯಿ ಕತ್ತರಿಸಿದ ಪೊಟ್ಟಣ ತೇವವನ್ನು ತಡೆಯದು. ಎಷ್ಟು ಸುತ್ತು ಮಡಿಸಿದರೂ ಬೆಸುಗೆ ಮರಳಿ ಬಾರದು. ಉಳಿದ ಬೀಜವನ್ನು ಬಿಗಿಯಾದ ಮುಚ್ಚಳದ ಒಣ ಡಬ್ಬಿಗೆ ಹಾಕಿ, ಹುರಿದು ಆರಿಸಿದ ಅಕ್ಕಿಯ ಚಿಕ್ಕ ಗಂಟನ್ನು ಜೊತೆಗಿಡಿರಿ. ಅಕ್ಕಿ ಒಳಗಿನ ತೇವವನ್ನು ಹೀರುತ್ತದೆ. ಆ ಅಕ್ಕಿಯನ್ನು ಮತ್ತೆ ಅಡಿಗೆಗೆ ಬಳಸಬಾರದು.

5. ಮಡಿಗೆ ಹಾಕುವ ಎರಡು ವಾರ ಮೊದಲು 100 ಬೀಜಗಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೆರಳಿನಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿರಿ. ಆರನೆಯ ದಿನ ಒಮ್ಮೆ, ಹನ್ನೆರಡನೆಯ ದಿನ ಒಮ್ಮೆ ಎಣಿಸಿರಿ. ಪ್ರಮಾಣಿತ ಉಳ್ಳಾಗಡ್ಡಿಯ ಬೀಜದಲ್ಲಿ ಕನಿಷ್ಠ 70 ಮೊಳೆಯಬೇಕು. ಪೊಟ್ಟಣವೂ ಅಂಗಡಿಯೂ ಹೇಳದ ಸತ್ಯವನ್ನು ಈ ಬಟ್ಟೆಯ ತುಂಡು ಹೇಳುತ್ತದೆ.

6. ಬರಿದಾದ ಪೊಟ್ಟಣ, ಲೇಬಲ್ಲು, ಅಂಗಡಿಯ ಪಾವತಿಗಳನ್ನು ಬೆಳೆ ಕೈಗೆ ಬರುವವರೆಗೆ ಒಂದು ಗಂಟಿನಲ್ಲಿ ಕಟ್ಟಿಡಿರಿ. ಬೀಜ ಮೊಳೆಯದಿದ್ದರೆ ದೂರು ಕೊಡಲು ಇವೇ ಸಾಕ್ಷಿ.

ಕೂಡಿ ಓದುವವರಿಗೆ ಪ್ರಶ್ನೆಗಳು

ಒಂದು: ನೂರಕ್ಕೆ 6 ತೇವದಲ್ಲಿ ಹದಿನಾರು ತಿಂಗಳು ಬಾಳುವ ಬೀಜ 9 ತೇವದಲ್ಲಿ ಎಷ್ಟು ತಿಂಗಳು ಬಾಳೀತು?
ಎರಡು: ಒಂಟಿ ಬೇಗಡೆ ಬೇಗ ಹರಿಯುತ್ತದೆ, ಅಂಟಿದ ಬೇಗಡೆ ತಾಳುತ್ತದೆ. ಏಕೆ?
ಮೂರು: ಕ್ಷ-ಕಿರಣದ ಚಿತ್ರದಲ್ಲಿ ಸರಿಯಾಗಿ ಕಂಡರೂ ಪೊಟ್ಟಣವನ್ನು ಎಳೆದು ನೋಡಬೇಕಾಗುವುದು ಏತಕ್ಕೆ?

ಮೊದಲನೆಯ ಲೆಕ್ಕಕ್ಕೆ ಉತ್ತರ ಎರಡು ತಿಂಗಳು. ಉಳಿದ ಎರಡಕ್ಕೂ ಉತ್ತರ ಈ ಪಾಠದಲ್ಲಿಯೇ ಇದೆ. ಕಟ್ಟೆಯ ಮೇಲೆ ಕುಳಿತಾಗ ನಿಮ್ಮ ಮನೆಯ ಒಂದು ಕೌದಿಯನ್ನೂ ಒಂದು ಹಾಲಿನ ಪೆಟ್ಟಿಗೆಯನ್ನೂ ಮುಂದಿಟ್ಟುಕೊಂಡು ಮಾತಾಡಿದರೆ, ಓದು ಬಾರದವರಿಗೂ ಇದು ಮನದಟ್ಟಾದೀತು.